ಪುಸ್ತಕದ ಮಂತ್ರದಂಡ, ಪರದೆಯ ಮಂತ್ರದಂಡ

ಕಳೆದ ಸಂಚಿಕೆಯಲ್ಲಿ ಮಕ್ಕಳ ಬೇಸಿಗೆ ರಜೆಯ ಓದಿನ ಬಗ್ಗೆ ಬರೆಯುವಾಗ, ಇಂಗ್ಲಿಷಿನ ಮಾಯಾಲೋಕದ ಕಾದಂಬರಿ ಮಾಲಿಕೆಗಳನ್ನೂ ಅವುಗಳಿಂದ ಬಂದ ಚಲನಚಿತ್ರಗಳನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಮುಂದೆ ಹೋಗಿದ್ದೆ. ಅದನ್ನು ಒಪ್ಪದವರು, ಒಪ್ಪಿಯೂ ಇನ್ನಷ್ಟು ಕೇಳಬೇಕೆಂದವರು ತುಮಕೂರು ಜಿಲ್ಲೆಯ ಮೂಲೆಮೂಲೆಯಿಂದ ಪತ್ರ ಬರೆದಿದ್ದಾರೆ. ಈ ತಿಂಗಳ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೇನೆ. ನನ್ನ ಕೋಣೆಯ ಗೆಳತಿಯರು ಹ್ಯಾರಿ ಪಾಟರ್ ಸರಣಿಯ ಎಂಟೂ ಚಿತ್ರಗಳನ್ನು ನೋಡಿದ್ದಾರೆ. ನಾನು ಏಳೂ ಪುಸ್ತಕಗಳನ್ನು ಓದಿದ್ದೇನೆ. ‘ಕಥೆ ಒಂದೇ ತಾನೇ, ಅಷ್ಟು ದಪ್ಪ ಪುಸ್ತಕ ಓದುವುದೇಕೆ?’ ಎಂದು ಅವರು ಕೇಳುತ್ತಾರೆ. ಚಿತ್ರಗಳಲ್ಲಿ ಬಿಟ್ಟುಹೋದ ಪಾತ್ರಗಳ ಪಟ್ಟಿ ಹೇಳಿದರೆ, ‘ಅವರಿಲ್ಲದೆಯೂ ನಮಗೆ ಕಥೆ ಅರ್ಥವಾಯಿತಲ್ಲ’ ಎನ್ನುತ್ತಾರೆ. ನಾನು ಏನೆಂದು ಉತ್ತರಿಸಲಿ?
(ವಿದ್ಯಾರ್ಥಿನಿ, ತಿಪಟೂರು)

ಉತ್ತರ: ನಿಮ್ಮ ಗೆಳತಿಯರ ಮಾತಿನಲ್ಲಿ ನ್ಯಾಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಬಿಟ್ಟುಹೋದ ಪಾತ್ರಗಳ ಪಟ್ಟಿ ಎಷ್ಟೇ ಉದ್ದವಿರಲಿ, ಅದರಿಂದಲೇ ಒಂದು ಚಿತ್ರದ ಮೇಲೆ ತಪ್ಪು ಹೊರಿಸಲಾಗದು. ಹ್ಯಾರಿ ಓದುವ ಮಾಂತ್ರಿಕರ ಶಾಲೆಯ ಮೊಗಸಾಲೆಗಳಲ್ಲಿ ಕೀಟಲೆ ಮಾಡುತ್ತ ಹಾರಾಡುವ ಪೀವ್ಸ್ ಎಂಬ ತುಂಟ ಭೂತ ಎಂಟು ಚಿತ್ರಗಳಲ್ಲಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಪುಸ್ತಕದಲ್ಲಿ ಅವನನ್ನು ಮೆಚ್ಚಿದವರಿಗೆ ಬೇಸರವಾಗುತ್ತದೆ ನಿಜ, ಆದರೆ ಅವನಿಲ್ಲವೆಂದು ಕಥೆಯ ಯಾವ ಗಂಟೂ ಸಡಿಲಗೊಳ್ಳುವುದಿಲ್ಲ. ಆದ್ದರಿಂದ ನೀವು ಗೆಳತಿಯರ ಮುಂದೆ ಇಡಬೇಕಾದ ಪ್ರಶ್ನೆ ಬೇರೆ: ಬಿಟ್ಟ ಸಂಗತಿ ಪುಸ್ತಕದಲ್ಲಿ ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸವನ್ನು ಚಿತ್ರದಲ್ಲಿ ಇನ್ನೊಂದು ಸಂಗತಿ ಮಾಡಿತೇ?

ಮೂರನೆಯ ಕಥೆಯನ್ನೇ ನೋಡಿ. 2004ರಲ್ಲಿ ಅಲ್ಫೊನ್ಸೊ ಕ್ವಾರೋನ್ ನಿರ್ದೇಶಿಸಿದ ‘ಪ್ರಿಸನರ್ ಆಫ್ ಅಜ್ಕಬಾನ್’ ಎಂಟು ಚಿತ್ರಗಳಲ್ಲಿ ಅತ್ಯಂತ ಸುಂದರವಾದದ್ದು ಎಂಬುದು ನನ್ನ ಅಭಿಪ್ರಾಯ. ಶಾಲೆಯ ಹೊರಗೆ ನಿಂತಿರುವ, ಹತ್ತಿರ ಬಂದವರನ್ನು ಕೊಂಬೆಗಳಿಂದ ಬಡಿಯುವ ಮರವೊಂದಿದೆಯಲ್ಲ, ಅದು ಒಮ್ಮೆ ಮೈ ಕೊಡವಿದಾಗ ಎಲೆಗಳೆಲ್ಲ ಒಟ್ಟಿಗೆ ಉದುರುತ್ತವೆ. ಇನ್ನೊಮ್ಮೆ ಕೊಡವಿದಾಗ ಮೈಮೇಲಿನ ಹಿಮ ಬೀಳುತ್ತದೆ. ಲೇಖಕಿ ಪುಟಗಟ್ಟಲೆ ಪಾಠ, ಪರೀಕ್ಷೆ, ಹಬ್ಬಗಳನ್ನು ಹೇಳಿ ಕಳೆಯುವ ಕಾಲವನ್ನು ಈ ಚಿತ್ರ ಒಂದು ಮರದ ಮೂಲಕ ಕೆಲವೇ ಕ್ಷಣಗಳಲ್ಲಿ ಕಳೆದುಬಿಡುತ್ತದೆ. ಇಂಥದ್ದನ್ನು ಕಂಡಾಗ, ಸಿನಿಮಾ ಎಂದರೆ ಪುಸ್ತಕದ ಸಂಕ್ಷೇಪವಷ್ಟೇ ಎನ್ನುವವರ ಮಾತನ್ನು ನಾನು ಒಪ್ಪಲಾರೆ.

ಆದರೆ ಅದೇ ಚಿತ್ರದಲ್ಲಿ ಒಂದು ದೊಡ್ಡ ಗಂಟು ಬಿಚ್ಚಿಕೊಂಡಿದೆ. ಹ್ಯಾರಿಯ ಕೈಗೆ ಸಿಗುವ ಮಾಯಾ ನಕಾಶೆಯನ್ನು ತಯಾರಿಸಿದವರು ನಾಲ್ವರು ಗೆಳೆಯರು, ಅವರಲ್ಲಿ ಒಬ್ಬ ಅವನ ತೀರಿಹೋದ ತಂದೆ, ಆ ತಂದೆ ಬೇಕೆಂದಾಗ ಸಾರಂಗದ ರೂಪ ತಾಳಬಲ್ಲವನಾಗಿದ್ದ ಎಂಬ ಮೂರು ಸಂಗತಿಗಳನ್ನು ಪುಸ್ತಕ ಒಂದರ ಹಿಂದೆ ಒಂದರಂತೆ ತಿಳಿಸುತ್ತದೆ. ಆಮೇಲೆ ಸರೋವರದ ದಂಡೆಯಲ್ಲಿ ಹ್ಯಾರಿಯ ಮಂತ್ರದಿಂದ ಬೆಳ್ಳಗೆ ಬೆಳಗುವ ಸಾರಂಗ ಹೊಮ್ಮಿದಾಗ, ತಂದೆ ಬರಲಿಲ್ಲ, ಆದರೂ ತಂದೆಯೇ ಬಂದ ಎಂಬ ಭಾವದಲ್ಲಿ ಓದುಗರ ಗಂಟಲು ಕಟ್ಟುತ್ತದೆ. ಚಿತ್ರದಲ್ಲಿ ಸಾರಂಗವಿದೆ, ಬೆಳಕಿದೆ, ಸಂಗೀತವಿದೆ. ಅದು ಏಕೆ ಸಾರಂಗವೇ ಆಗಿರಬೇಕು ಎಂಬುದು ಮಾತ್ರ ಇಲ್ಲ. ಎರಡು ಸಾಲಿನ ಸಂಭಾಷಣೆ ಸಾಕಾಗಿತ್ತು. ನಿಮ್ಮ ಗೆಳತಿಯರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ: ‘ಅದು ಸಾರಂಗವೇ ಏಕೆ?’ ಚಿತ್ರ ಮಾತ್ರ ನೋಡಿದವರಿಗೆ ಉತ್ತರ ಹೇಳುವುದು ಕಷ್ಟ.

ಮುಂದೆ ಪುಸ್ತಕಗಳು ದಪ್ಪವಾದಂತೆ ಈ ತೊಂದರೆ ಹೆಚ್ಚಿತು. ಬ್ರಿಟಿಷ್ ಆವೃತ್ತಿಯಲ್ಲಿ ಎರಡನೆಯ ಪುಸ್ತಕ 251 ಪುಟ. ಅದರ ಚಿತ್ರ 161 ನಿಮಿಷ. ಐದನೆಯ ಪುಸ್ತಕ 766 ಪುಟ. ಅದರ ಚಿತ್ರ 138 ನಿಮಿಷ. ಮೂರು ಪಟ್ಟು ದೊಡ್ಡ ಪುಸ್ತಕಕ್ಕೆ ಹಿಂದಿನದಕ್ಕಿಂತ ಚಿಕ್ಕ ಚಿತ್ರ. ಇಷ್ಟು ಕತ್ತರಿಸುವಾಗ ಯಾವ ನರ ಎಲ್ಲಿಗೆ ಹೋಗುತ್ತದೆಂದು ತಿಳಿಯುವುದು ಸುಲಭವಲ್ಲ, ಏಕೆಂದರೆ ಆ ಚಿತ್ರ ತಯಾರಾಗುವಾಗ ಏಳನೆಯ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಕ್ರೀಚರ್ ಎಂಬ ಮುದಿ ಮನೆಯಾಳನ್ನು ಚಿತ್ರಕಥೆಯಿಂದ ಕೈಬಿಡಲು ಹೊರಟಿದ್ದಾಗ, ಮುಂದೆ ಅವನು ಬೇಕಾಗುತ್ತಾನೆ ಎಂದು ಲೇಖಕಿ ಜೆ.ಕೆ. ರೌಲಿಂಗ್ ಎಚ್ಚರಿಸಿ ಉಳಿಸಿದರು. ಹ್ಯಾರಿಯ ಸಹಪಾಠಿ ನೆವಿಲ್‌ನ ವಿಷಯದಲ್ಲಿ ಹಾಗಾಗಲಿಲ್ಲ. ದುಷ್ಟ ಮಾಂತ್ರಿಕನನ್ನು ಸೋಲಿಸಬಲ್ಲದು ಎಂದು ಭವಿಷ್ಯವಾಣಿ ಹೇಳಿದ ಮಗು ಹ್ಯಾರಿಯೂ ಆಗಬಹುದಿತ್ತು, ನೆವಿಲ್ ಕೂಡ ಆಗಬಹುದಿತ್ತು. ಇಬ್ಬರೂ ಜುಲೈ ಕೊನೆಯಲ್ಲಿ ಹುಟ್ಟಿದವರು, ಇಬ್ಬರಲ್ಲಿ ಹ್ಯಾರಿಯನ್ನು ಆರಿಸಿದವನು ಆ ಶತ್ರು. ಐದನೆಯ ಪುಸ್ತಕದ ಕೊನೆಯಲ್ಲಿ ಬರುವ ಈ ಮಾತು ಚಿತ್ರದಲ್ಲಿಲ್ಲ. ಹೀಗಾಗಿ ಕೊನೆಯ ಯುದ್ಧದಲ್ಲಿ ನೆವಿಲ್ ಖಡ್ಗವೆತ್ತಿ ಸರ್ಪವನ್ನು ಕಡಿಯುವುದು ಚಿತ್ರದಲ್ಲಿ ಒಬ್ಬ ಪುಕ್ಕಲ ಹುಡುಗನ ಶೌರ್ಯವಾಗಿ ಉಳಿಯುತ್ತದೆ. ಪುಸ್ತಕದಲ್ಲಿ ಅದು, ವಿಧಿ ಒಂದು ಕೂದಲೆಳೆಯಷ್ಟು ಆಚೆ ಸರಿದಿದ್ದರೆ ತಾನೇ ಹ್ಯಾರಿಯ ಜಾಗದಲ್ಲಿ ನಿಲ್ಲಬೇಕಿದ್ದವನು ತನ್ನ ಪಾಲಿನ ಕೆಲಸ ಮುಗಿಸಿದ ಹಾಗೆ.

ಕೊನೆಯದಾಗಿ ಮಂತ್ರದಂಡದ ವಿಷಯ. ಲೋಕದಲ್ಲೇ ಅತ್ಯಂತ ಬಲಶಾಲಿಯಾದ ದಂಡ ಕೈಗೆ ಬಂದಾಗ ಪುಸ್ತಕದ ಹ್ಯಾರಿ ಅದರಿಂದ ಮಾಡುವುದು ಒಂದೇ ಕೆಲಸ: ಹನ್ನೊಂದನೆಯ ವಯಸ್ಸಿನಲ್ಲಿ ಅಂಗಡಿಯಿಂದ ಕೊಂಡು, ಈಗ ಮುರಿದುಹೋಗಿರುವ ತನ್ನ ಹಳೆಯ ದಂಡವನ್ನು ಸರಿಪಡಿಸಿಕೊಳ್ಳುತ್ತಾನೆ. ಬಲಶಾಲಿ ದಂಡವನ್ನು ಅದು ಇದ್ದ ಸಮಾಧಿಗೇ ಹಿಂದಿರುಗಿಸಲು ನಿಶ್ಚಯಿಸುತ್ತಾನೆ. 2011ರ ಚಿತ್ರದಲ್ಲಿ ಅವನು ಅದನ್ನು ಎರಡು ತುಂಡು ಮಾಡಿ ಸೇತುವೆಯಿಂದಾಚೆ ಎಸೆಯುತ್ತಾನೆ. ಹಳೆಯ ದಂಡದ ಮಾತೇ ಬರುವುದಿಲ್ಲ. ಎಸೆಯುವುದು ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಬಲ ಬೇಡವೆನ್ನುವುದಕ್ಕೂ, ಅಷ್ಟು ಬಲವಿದ್ದೂ ತನ್ನ ಹಳೆಯ ಸಾಮಾನನ್ನು ರಿಪೇರಿ ಮಾಡಿಕೊಂಡು ಅದೇ ಸಾಕೆನ್ನುವುದಕ್ಕೂ ಇರುವ ಅಂತರ ಈ ಹುಡುಗನ ಸ್ವಭಾವವನ್ನೇ ಹೇಳುತ್ತದೆ. ನನ್ನ ಮಟ್ಟಿಗೆ ಎಂಟು ಚಿತ್ರಗಳ ಅತಿ ದೊಡ್ಡ ನಷ್ಟ ಇದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮಹಾಕಾದಂಬರಿಯನ್ನು ಹಲವು ಸಲ ಓದಿದ್ದೇನೆ. ಮೊಮ್ಮಗನ ಜೊತೆ ಕುಳಿತು ಮೂರೂ ಚಿತ್ರಗಳನ್ನು ನೋಡಿದೆ. ಕಾಡಿನ ಟಾಮ್ ಬಾಂಬಡಿಲ್ ಇಲ್ಲ. ಹಾಬಿಟ್‌ಗಳು ಎಂಬ ಪುಟ್ಟ ಜನ ಹಿಂದಿರುಗಿ ತಮ್ಮ ಊರನ್ನು ದುಷ್ಟರಿಂದ ಬಿಡಿಸಿಕೊಳ್ಳುವ ಅಧ್ಯಾಯವೂ ಇಲ್ಲ. ಮೂಲಕೃತಿಗೆ ಇದು ಅನ್ಯಾಯವಲ್ಲವೇ?
(ನಿವೃತ್ತ ಶಿಕ್ಷಕರು, ಗುಬ್ಬಿ)

ಉತ್ತರ: ಮಾನ್ಯರೇ, ಗುಬ್ಬಿಯವರು ಈ ಪ್ರಶ್ನೆ ಕೇಳಿದ್ದು ನನಗೆ ಸಂತೋಷ ತಂದಿತು. ನಿಮ್ಮ ಊರಿನ ವೀರಣ್ಣನವರ ಕಂಪನಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ ಆಡಿತ್ತು. ಇಂದಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಬೆಳಗಿನ ಜಾವದವರೆಗೆ ಆ ನಾಟಕ ಆಡುತ್ತಾರೆ. ಶಾಂತಿಪರ್ವ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ವ್ಯಾಸರ ಹದಿನೆಂಟು ಪರ್ವಗಳಲ್ಲಿ ಕುಮಾರವ್ಯಾಸ ಹತ್ತನ್ನೇ ಹಾಡಿ ನಿಲ್ಲಿಸಿದ. ಅದು ತುಂಡು ಭಾರತ ಎಂದು ನಾವು ಭಾವಿಸಿಲ್ಲ. ಆದರೆ ಕರ್ಣನಿಗೆ ತನ್ನ ಹುಟ್ಟಿನ ಗುಟ್ಟು ತಿಳಿಯುವ ದೃಶ್ಯವನ್ನು ಮೇಷ್ಟರು ಬಿಟ್ಟುಬಿಟ್ಟರೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಎದ್ದು ನಿಲ್ಲುತ್ತಾರೆ, ಏಕೆಂದರೆ ಆಮೇಲಿನ ಕರ್ಣನ ಒಂದೊಂದು ನಡೆಗೂ ಕಾರಣ ಅಲ್ಲಿದೆ. ಬಿಡುವುದು ಬೇರೆ, ಕಾರಣವನ್ನು ಕಳೆಯುವುದು ಬೇರೆ ಎಂಬ ತಿಳಿವಳಿಕೆ ನಮ್ಮ ಪ್ರೇಕ್ಷಕರಿಗೆ ಹಿಂದಿನಿಂದಲೂ ಇದೆ. ಹತ್ತನೆಯ ಶತಮಾನದಲ್ಲೇ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿ ಮಾಡಿದ. ಹಾಗೆ ಮಾಡಿದ್ದರಿಂದ ಕಥೆಯ ಬೇರೆ ಕಡೆಗಳಲ್ಲಿ ಏನೇನು ಸಡಿಲವಾಯಿತು ಎಂದು ನಮ್ಮ ವಿದ್ವಾಂಸರು ಚರ್ಚಿಸಿದ್ದಾರೆ, ಅವನನ್ನು ಆದಿಕವಿ ಎಂದೂ ಗೌರವಿಸಿದ್ದಾರೆ.

ಈ ಅಳತೆಗೋಲನ್ನು ಹಿಡಿದರೆ, ಬಾಂಬಡಿಲ್‌ನನ್ನು ಬಿಟ್ಟ ನಿರ್ದೇಶಕ ಪೀಟರ್ ಜಾಕ್ಸನ್ ಅವರ ನಿರ್ಧಾರ ಬಹುಪಾಲು ಸರಿ ಎನಿಸುತ್ತದೆ. ಲೋಕವನ್ನೇ ನಡುಗಿಸುವ ಉಂಗುರ ಆ ಹಾಡುಗಾರನ ಮೇಲೆ ಏನೂ ಪರಿಣಾಮ ಬೀರುವುದಿಲ್ಲ. ಅವನು ಅದನ್ನು ಬೆರಳಿಗೆ ಹಾಕಿಕೊಂಡು ನಗುತ್ತಾನೆ. ನಿಧಾನವಾಗಿ ಓದುವವರಿಗೆ ಇದು ಲೋಕದ ವಿಸ್ತಾರವನ್ನು ತೋರಿಸುವ ಅದ್ಭುತ ಸಂಗತಿ. ಸಿನಿಮಾದಲ್ಲಿ ಉಂಗುರದ ಭಯ ಆಗಷ್ಟೇ ಮೂಡುತ್ತಿರುವಾಗ ಅಂಥವನು ಬಂದರೆ ಆ ಭಯ ಕರಗಿಹೋಗುತ್ತಿತ್ತು. ಆದರೂ ಅವನ ಜೊತೆಗೆ ಹೋದದ್ದು ಒಂದಿದೆ. ಬಾಂಬಡಿಲ್ ಹಳೆಯ ಗೋರಿಯಿಂದ ತೆಗೆದುಕೊಟ್ಟ ಕತ್ತಿಯಿಂದಲೇ ಮುಂದೆ ಮೆರ್ರಿ ಎಂಬ ಹಾಬಿಟ್ ಶತ್ರುಪಕ್ಷದ ಮಾಟಗಾರ ದೊರೆಯ ಕಾಲಿಗೆ ತಿವಿಯುತ್ತಾನೆ. ಆ ದೊರೆಯ ವಿರುದ್ಧವೇ ಹಿಂದಿನವರು ಮಂತ್ರಿಸಿ ಮಾಡಿದ ಕತ್ತಿಯಾದ್ದರಿಂದಲೇ ಅವನ ಮಾಯೆ ಒಡೆಯುತ್ತದೆ. ಚಿತ್ರದಲ್ಲಿ ಅವರ ಜೊತೆಗಾರ ಅರಗಾರ್ನ್ ದಾರಿಯಲ್ಲಿ ಹಾಬಿಟ್‌ಗಳಿಗೆ ಕತ್ತಿಗಳನ್ನು ಕೊಟ್ಟುಬಿಡುತ್ತಾನೆ, ಅವು ಎಲ್ಲಿಯವು ಎಂಬುದಿಲ್ಲ. ತಿವಿತ ಹಾಗೆಯೇ ಇದೆ, ಅದಕ್ಕಿದ್ದ ಕಾರಣ ಹೋಗಿದೆ.

ಹಾಬಿಟ್‌ಗಳ ನಾಡಾದ ಷೈರ್ ಪ್ರದೇಶದ ಬಿಡುಗಡೆಯ ಅಧ್ಯಾಯದ ಬಗ್ಗೆ ಮಾತ್ರ ನಾನು ನಿಮ್ಮ ಪಕ್ಷ. ಅದು ಆಮೇಲೆ ಅಂಟಿಸಿದ ಬಾಲವಲ್ಲ, ಮೊದಲಿನಿಂದ ಯೋಚಿಸಿದ್ದ ಕಥೆಯ ಅವಶ್ಯ ಭಾಗ ಎಂದು ಟೋಲ್ಕಿನ್ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಸ್ಪಷ್ಟಪಡಿಸಿದ್ದಾರೆ. ದೂರದ ಯುದ್ಧ ಗೆದ್ದು ಬಂದವರಿಗೆ ತಮ್ಮ ಊರಿನಲ್ಲೇ ಸಾಲುಮರಗಳು ನೆಲಕ್ಕುರುಳಿರುವುದು ಕಾಣುತ್ತದೆ. ಆಗ ಸ್ಯಾಮ್ ಎಂಬ ಹಾಬಿಟ್ ಮಾಡುವ ಕೆಲಸವನ್ನು ನಮ್ಮ ತೆಂಗಿನ ಸೀಮೆಯವರು ಓದಿದರೆ ಬೇಗ ಮನಸ್ಸಿಗೆ ಹಿಡಿಸುತ್ತದೆ. ಗಲಾಡ್ರಿಯಲ್ ರಾಣಿ ತನ್ನ ತೋಟದ ಮಣ್ಣನ್ನು ತುಂಬಿ ಕೊಟ್ಟಿದ್ದ ಪುಟ್ಟ ಪೆಟ್ಟಿಗೆಯನ್ನು ಅವನು ಪ್ರಯಾಣದುದ್ದಕ್ಕೂ ಜೋಪಾನ ಮಾಡಿದ್ದ. ಈಗ ಮರಗಳು ಹೋದ ಜಾಗದಲ್ಲೆಲ್ಲ ಸಸಿ ನೆಟ್ಟು, ಒಂದೊಂದರ ಬುಡಕ್ಕೂ ಆ ಮಣ್ಣಿನ ಒಂದೊಂದೇ ಕಣ ಹಾಕುತ್ತ ನಾಡೆಲ್ಲ ನಡೆಯುತ್ತಾನೆ. ಚಿತ್ರದಲ್ಲಿ ಊರು ಹೇಗಿತ್ತೋ ಹಾಗೇ ಇದೆ. ಆದ್ದರಿಂದ ಮಣ್ಣಿನ ಪೆಟ್ಟಿಗೆಯೂ ಇಲ್ಲ. ಕತ್ತರಿಸಿದವರು ಎರಡೂ ತುದಿಯನ್ನು ಕತ್ತರಿಸಿದ್ದಾರೆ, ಎಳೆ ಜೋಲಾಡುವುದಿಲ್ಲ. ಕುಶಲತೆಯಲ್ಲಿ ತಪ್ಪು ಹುಡುಕಲಾಗದು. ಕಥೆ ಮಾತ್ರ ಬೇರೆಯಾಯಿತು. ಪುಸ್ತಕದಲ್ಲಿ ಯುದ್ಧದ ಬೆಲೆಯನ್ನು ಊರೂ ತೆರುತ್ತದೆ. ಚಿತ್ರದಲ್ಲಿ ಉಂಗುರ ಹೊತ್ತ ಹಾಬಿಟ್ ಫ್ರೋಡೊ ಒಬ್ಬನ ಮುಖ ತೆರುತ್ತದೆ.

ಚಿತ್ರ ಗಳಿಸಿದ್ದನ್ನೂ ಹೇಳಬೇಕು. ಹಾಬಿಟ್‌ಗಳ ಜೊತೆ ಹೊರಟ ಯೋಧ ಬೊರೊಮಿರ್‌ನ ಸಾವು ಪುಸ್ತಕದಲ್ಲಿ ಎರಡನೆಯ ಸಂಪುಟದ ಆರಂಭದಲ್ಲಿದೆ, ಅದೂ ಕಾಳಗ ಮುಗಿದ ಮೇಲೆ ಅರಗಾರ್ನ್ ಓಡಿಬಂದಾಗ ನಮಗೆ ಕಾಣುವಷ್ಟು ಮಾತ್ರ. ಜಾಕ್ಸನ್ ಅದನ್ನು 2001ರ ಮೊದಲ ಚಿತ್ರದ ಕೊನೆಗೆ ತಂದರು, ಕಾಳಗವನ್ನು ಕಣ್ಣೆದುರೇ ನಡೆಸಿದರು. ಉಂಗುರಕ್ಕೆ ಆಸೆಪಟ್ಟು ತಪ್ಪಿದ ಮನುಷ್ಯ ಇಬ್ಬರು ಪುಟ್ಟವರಿಗಾಗಿ ಬಾಣಗಳನ್ನು ಎದೆಗೊಡ್ಡಿ ನಿಲ್ಲುವುದನ್ನು ನೋಡಿದವರು ಅವನನ್ನು ಕ್ಷಮಿಸದೆ ಇರಲಾರರು. ಇದೇ ತಂಡ ಅವನ ತಮ್ಮ ಫರಾಮಿರ್‌ಗೆ ಅಷ್ಟು ನ್ಯಾಯ ಮಾಡಲಿಲ್ಲ. ಪುಸ್ತಕದಲ್ಲಿ ಉಂಗುರ ತನಗೆ ಬೇಡವೆಂದು ಕೂಡಲೇ ಹೇಳುವವನು ಚಿತ್ರದಲ್ಲಿ ಫ್ರೋಡೊನನ್ನು ಸೆರೆಯಾಳಾಗಿ ಎಳೆದೊಯ್ಯುತ್ತಾನೆ. ಎಲ್ಲರನ್ನೂ ಸೆಳೆಯುವ ಉಂಗುರ ಇವನೊಬ್ಬನನ್ನು ಸೆಳೆಯದಿದ್ದರೆ ಅದರ ಬಲಕ್ಕೆ ಕುಂದು ಬರುತ್ತದೆ ಎಂಬುದು ಚಿತ್ರಕಥೆ ಬರೆದವರ ವಾದ. ವಾದ ಗಟ್ಟಿಯಾಗಿದೆ. ಆದರೂ ಒಂದೇ ತಂದೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಬಿದ್ದ, ಇನ್ನೊಬ್ಬ ಬೀಳಲಿಲ್ಲ ಎಂಬುದೇ ಟೋಲ್ಕಿನ್ನರು ತೋರಿಸಬೇಕೆಂದಿದ್ದ ಸಂಗತಿ ಎಂದು ನಾನು ನಂಬಿದ್ದೇನೆ.

2003ರ ಮೂರನೆಯ ಚಿತ್ರ ಹೆಸರಿಸಲ್ಪಟ್ಟ ಹನ್ನೊಂದು ವಿಭಾಗಗಳಲ್ಲೂ ಆಸ್ಕರ್ ಗೆದ್ದಿತು. ಪುಸ್ತಕದ ಮೇಲಿನ ಪ್ರೀತಿಯಿಂದ ಆ ಗೌರವವನ್ನು ನಾವು ಕಡಿಮೆ ಮಾಡಬೇಕಾಗಿಲ್ಲ.

ಪ್ರಶ್ನೆ: ಚಿಕ್ಕ ಪುಸ್ತಕಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಏನನ್ನೂ ಬಿಡದೆ ಚಿತ್ರ ಮಾಡಬಹುದಲ್ಲ? ಹಾಗೆ ಮಾಡಿದ ‘ದಿ ಹಾಬಿಟ್’ ಯಾಕೆ ಅಷ್ಟು ಹಿಡಿಸುವುದಿಲ್ಲ?
(ಓದುಗರು, ಮಧುಗಿರಿ)

ಉತ್ತರ: ಟೋಲ್ಕಿನ್ 1937ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಒಂದು ಪುಸ್ತಕ 2012, 2013, 2014ರಲ್ಲಿ ಮೂರು ಚಿತ್ರಗಳಾಯಿತು, ಒಟ್ಟು ಸುಮಾರು ಎಂಟು ಗಂಟೆ. ಮೊದಲು ಎರಡು ಚಿತ್ರ ಎಂದಿದ್ದದ್ದು ಆಮೇಲೆ ಮೂರಾಯಿತು. ಪುಸ್ತಕದಲ್ಲಿಲ್ಲದ ಟೌರಿಯಲ್ ಎಂಬ ಯೋಧೆ ಬಂದಳು, ಆ ಕಥೆಯಲ್ಲಿ ಕಾಣದ ಲೆಗೊಲಾಸ್ ಬಂದ, ಪ್ರೇಮವೂ ಬಂತು. ಕೊನೆಯ ಐದು ಸೈನ್ಯಗಳ ಯುದ್ಧವನ್ನೇ ನೋಡಿ: ಪುಸ್ತಕದಲ್ಲಿ ಕಥಾನಾಯಕ ಬಿಲ್ಬೊ ತಲೆಗೆ ಕಲ್ಲಿನೇಟು ಬಿದ್ದು ಪ್ರಜ್ಞೆ ತಪ್ಪುತ್ತಾನೆ, ಎಚ್ಚರವಾಗುವಾಗ ಎಲ್ಲ ಮುಗಿದು ಬಯಲು ನಿಶ್ಶಬ್ದವಾಗಿರುತ್ತದೆ. ಮನೆ, ಕೆಟಲು, ಬಿಸಿ ಚಹಾ ನೆನೆಯುವ ಸಣ್ಣ ಮನುಷ್ಯನ ಕಣ್ಣಿನಲ್ಲಿ ಯುದ್ಧ ಎಂದರೆ ಅಷ್ಟೇ. ಚಿತ್ರ ಆ ಯುದ್ಧವನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸಿತು. ಬಿಲ್ಬೊ ತನ್ನದೇ ಕಥೆಯಲ್ಲಿ ಬದಿಗೆ ಸರಿದ. ಮೊದಲ ಚಿತ್ರದಲ್ಲಿ ಬಿಲ್ಬೊ ಮತ್ತು ಗೊಲ್ಲಮ್ ಕತ್ತಲೆಯಲ್ಲಿ ಒಗಟು ಹೇಳಿಕೊಳ್ಳುವ ಭಾಗ ಮಾತ್ರ ಪುಸ್ತಕಕ್ಕೆ ಸಮನಾಗಿ ನಿಲ್ಲುತ್ತದೆ. ಅಲ್ಲಿ ಇಬ್ಬರು, ಒಂದು ಗುಹೆ, ಒಳ್ಳೆಯ ಮಾತು ಬಿಟ್ಟರೆ ಬೇರೇನೂ ಇಲ್ಲ.

ಇದರ ಎದುರಿಗೆ ನಮ್ಮದೇ ಉದಾಹರಣೆ ಇದೆ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ 1972ರಲ್ಲಿ ಒಂದೇ ಚಿತ್ರವಾಗಿಸಿದರು. ಅದು ಮಾಯಾಲೋಕದ ಕಥೆಯಲ್ಲ, ಪಕ್ಕದ ಚಿತ್ರದುರ್ಗದ ಕಥೆ. ಅಲ್ಲಿ ರಾಮಾಚಾರಿ ಎಂಬ ಒಬ್ಬ ಹುಡುಗನ ಸಿಟ್ಟು ಮತ್ತು ಅವನ ಮೇಷ್ಟರ ಪ್ರೀತಿ ಎಲ್ಲೂ ಕೈತಪ್ಪುವುದಿಲ್ಲವಾದ್ದರಿಂದ ಮೂರು ಪುಸ್ತಕ ಒಂದಾದರೂ ಚಿತ್ರ ಗಟ್ಟಿಯಾಗಿ ನಿಂತಿದೆ.

ಪ್ರಶ್ನೆ: ನನ್ನ ಇಬ್ಬರು ಮಕ್ಕಳಿಗೆ ಹನ್ನೊಂದು ಮತ್ತು ಹದಿಮೂರು ವರ್ಷ. ಪುಸ್ತಕ ಮೊದಲು ಓದಿಸಲೇ, ಚಿತ್ರ ಮೊದಲು ತೋರಿಸಲೇ?
(ತಾಯಿ, ಶಿರಾ)

ಉತ್ತರ: ಹ್ಯಾರಿ ಪಾಟರ್ ಆದರೆ ಪುಸ್ತಕ ಮೊದಲು, ಒಂದೊಂದು ಪುಸ್ತಕ ಮುಗಿದ ಮೇಲೆ ಅದರ ಚಿತ್ರ. ಟೋಲ್ಕಿನ್ ಆದರೆ ಹಿರಿಯ ಮಗುವಿಗೆ ಚಿತ್ರವನ್ನು ಮೊದಲು ತೋರಿಸಿದರೂ ನಷ್ಟವಿಲ್ಲ. ಅಷ್ಟೊಂದು ಹೆಸರು, ನದಿ, ಬೆಟ್ಟಗಳ ನಡುವೆ ದಾರಿ ತಪ್ಪದಂತೆ ಚಿತ್ರವೇ ಕೈಹಿಡಿದು ನಡೆಸುತ್ತದೆ. ಚಿತ್ರ ನೋಡಿದ ಮೇಲೆಯೇ ಆ ದೊಡ್ಡ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಧೈರ್ಯ ಬಂದ ವಿದ್ಯಾರ್ಥಿಗಳನ್ನು ನಾನು ಬಲ್ಲೆ.

ಪುಸ್ತಕ ಮೊದಲು ಎಂದದ್ದೇಕೆ ಎನ್ನುವುದಕ್ಕೆ ನಮ್ಮ ಮನೆಯ ಜಗಲಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ತುಮಕೂರಿನ ನಮ್ಮ ಬೀದಿಯ ಆರು ಮಕ್ಕಳು ಭಾನುವಾರ ಸಂಜೆ ಓದಲು ಬರುತ್ತಾರೆ. ನಾಲ್ಕನೆಯ ಪುಸ್ತಕದಲ್ಲಿ, ಹ್ಯಾರಿಯ ಹೆಸರು ಅವನಿಗೇ ಗೊತ್ತಿಲ್ಲದೆ ಬೆಂಕಿಯ ಪಾತ್ರೆಯಿಂದ ಹೊರಬೀಳುತ್ತದೆ. ಎಲ್ಲರೂ ಗದ್ದಲವೆಬ್ಬಿಸಿರುವಾಗ ಮುಖ್ಯೋಪಾಧ್ಯಾಯ ಡಂಬಲ್‌ಡೋರ್, ನೀನೇ ಹೆಸರು ಹಾಕಿದೆಯಾ ಎಂದು ‘ಶಾಂತವಾಗಿ’ ಕೇಳುತ್ತಾನೆ. ಮೂಲದಲ್ಲಿ ಅದು ಒಂದೇ ಒಂದು ಕ್ರಿಯಾವಿಶೇಷಣ. ಐದನೆಯ ತರಗತಿಯ ಹುಡುಗಿಯೊಬ್ಬಳು ಆ ಪದದ ಮೇಲೆ ಬೆರಳಿಟ್ಟು, ‘ಇವರಿಗೆ ಸಿಟ್ಟು ಬರಲಿಲ್ಲವೇ ಅಜ್ಜಿ?’ ಎಂದಳು. ಅದರ ಬಗ್ಗೆ ಅರ್ಧ ಗಂಟೆ ಮಾತಾಯಿತು. ಸಿಟ್ಟು ಬಂದಿರಬಹುದು, ಭಯವೂ ಆಗಿರಬಹುದು, ಆದರೆ ಹೆದರಿ ನಿಂತ ಮಗುವಿನ ಮೇಲೆ ಅದನ್ನು ಹಾಕದವನು ಆ ಗುರು ಎಂಬಲ್ಲಿಗೆ ಮಕ್ಕಳೇ ಬಂದು ತಲುಪಿದರು. ಮುಂದಿನ ವಾರ 2005ರ ಚಿತ್ರ ನೋಡಿದೆವು. ಅಲ್ಲಿ ಡಂಬಲ್‌ಡೋರ್ ದಾಪುಗಾಲಿಡುತ್ತ ಬಂದು, ಹ್ಯಾರಿಯನ್ನು ಹಿಡಿದು ಹಿಂದಕ್ಕೆ ತಳ್ಳುತ್ತ ಏರುದನಿಯಲ್ಲಿ ಕೇಳುತ್ತಾನೆ. ಆ ಹುಡುಗಿ ತಟ್ಟನೆ, ‘ಅಜ್ಜಿ, ಇವರು ಆ ಮೇಷ್ಟರಲ್ಲ’ ಎಂದಳು. ಅವಳು ನಟ ಬದಲಾದದ್ದನ್ನು ಹೇಳುತ್ತಿದ್ದಾಳೆಂದು ಮೊದಲು ಭಾವಿಸಿದೆ. ಎರಡು ಚಿತ್ರಗಳಲ್ಲಿ ಆ ಪಾತ್ರ ಮಾಡಿದ್ದ ರಿಚರ್ಡ್ ಹ್ಯಾರಿಸ್ 2002ರಲ್ಲಿ ತೀರಿಕೊಂಡ ಮೇಲೆ ಮೈಕೆಲ್ ಗ್ಯಾಂಬನ್ ಬಂದರು. ಆದರೆ ಅವಳು ಹೇಳಿದ್ದು ಆ ಪದದ ಬಗ್ಗೆ. ಚಿತ್ರವನ್ನೇ ಮೊದಲು ನೋಡಿದ್ದರೆ ಆ ಪದದ ಮೇಲೆ ಅವಳ ಬೆರಳು ನಿಲ್ಲುತ್ತಿರಲಿಲ್ಲ.

ಪ್ರಶ್ನೆ: ಕೆಲವು ಒಳ್ಳೆಯ ಮಾಲಿಕೆಗಳ ಚಿತ್ರಗಳು ಒಂದೆರಡಕ್ಕೇ ನಿಂತುಹೋಗಲು ಕಾರಣವೇನು?
(ಓದುಗರು, ಕುಣಿಗಲ್)

ಉತ್ತರ: ಹಣದ ಲೆಕ್ಕವನ್ನು ಬದಿಗಿಟ್ಟು ಕಥೆಯ ಲೆಕ್ಕದಲ್ಲಿ ಎರಡು ಉದಾಹರಣೆ ಕೊಡುತ್ತೇನೆ. ರಿಕ್ ರಿಯಾರ್ಡನ್ ಅವರ ಪರ್ಸಿ ಜಾಕ್ಸನ್ ಮಾಲಿಕೆಯಲ್ಲಿ ನಾಯಕ ಹನ್ನೆರಡು ವರ್ಷದವನಾಗಿ ಕಾಲಿಡುತ್ತಾನೆ. ಅವನಿಗೆ ಹದಿನಾರು ತುಂಬುವ ದಿನದ ಮೇಲೆ ಒಂದು ಭವಿಷ್ಯವಾಣಿ ತೂಗುತ್ತಿದೆ. ಐದು ಪುಸ್ತಕಗಳ ಗಡಿಯಾರ ಅದೇ. 2010ರ ಚಿತ್ರ ಅವನನ್ನು ಮೊದಲೇ ದೊಡ್ಡ ಹುಡುಗನನ್ನಾಗಿ ಮಾಡಿತು. ನೋಡಲು ಸಣ್ಣ ಬದಲಾವಣೆ, ಆದರೆ ಅದರಿಂದ ಮುಂದಿನ ಕಥೆಗೆ ಕಾಲವೇ ಉಳಿಯಲಿಲ್ಲ. 2013ರ ಎರಡನೆಯ ಚಿತ್ರಕ್ಕೆ ಅದು ನಿಂತಿತು. ಲೇಖಕರೇ ಕೈಜೋಡಿಸಿದ 2023ರ ಧಾರಾವಾಹಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಹನ್ನೆರಡರ ಹುಡುಗನನ್ನು ಹನ್ನೆರಡರಲ್ಲೇ ಇಟ್ಟದ್ದು.

ಫಿಲಿಪ್ ಪುಲ್ಮನ್ ಅವರ ‘ನಾರ್ದರ್ನ್ ಲೈಟ್ಸ್’ 1995ರ ಕಾದಂಬರಿ. ಆ ಲೋಕದಲ್ಲಿ ಪ್ರತಿಯೊಬ್ಬರ ಆತ್ಮವೂ ಒಂದು ಪ್ರಾಣಿಯಾಗಿ ಪಕ್ಕದಲ್ಲೇ ಓಡಾಡುತ್ತಿರುತ್ತದೆ. 2007ರ ‘ದಿ ಗೋಲ್ಡನ್ ಕಂಪಾಸ್’ ಚಿತ್ರ ಆ ಪ್ರಾಣಿಗಳನ್ನು ಎಷ್ಟು ಚೆನ್ನಾಗಿ ಮೂಡಿಸಿತೆಂದರೆ ದೃಶ್ಯ ಪರಿಣಾಮಕ್ಕೆ ಆಸ್ಕರ್ ಬಂತು. ಆದರೆ ಪುಸ್ತಕದ ಬೆನ್ನೆಲುಬಾದ ಧರ್ಮಪೀಠದ ಟೀಕೆಯನ್ನು ಮೃದುಗೊಳಿಸಿದರು. ಅದಕ್ಕಿಂತ ಹೆಚ್ಚಾಗಿ, ಬಾಲಕಿ ಲೈರಾ ಕಾಪಾಡಲೆಂದು ಅಷ್ಟು ದೂರ ಹೋದ ಗೆಳೆಯ ಅವಳ ತಂದೆಯ ಕೈಯಿಂದಲೇ ಸಾಯುವ ಅಂತ್ಯವನ್ನು ಬಿಟ್ಟು, ಸಂತೋಷದ ಹಂತದಲ್ಲಿ ಚಿತ್ರ ಮುಗಿಸಿದರು. ಮುಂದಿನ ಎರಡು ಪುಸ್ತಕಗಳು ಆ ಸಾವಿನಿಂದ ಹುಟ್ಟಿದವು. ಮುಂದಿನ ಚಿತ್ರಗಳು ಬರಲೇ ಇಲ್ಲ. 2019ರಿಂದ 2022ರವರೆಗೆ ಮೂರು ಸರಣಿಗಳಲ್ಲಿ ಬಂದ ಧಾರಾವಾಹಿ ಮೂರು ಪುಸ್ತಕಗಳನ್ನೂ ಕೊನೆಯವರೆಗೆ ಹೇಳಿತು.

ಪ್ರಶ್ನೆ: ಹಾಗಾದರೆ ಧಾರಾವಾಹಿಗಳೇ ಮೇಲಲ್ಲವೇ?
(ಓದುಗರು, ಪಾವಗಡ)

ಉತ್ತರ: ಹೊತ್ತು ಹೆಚ್ಚು ಸಿಗುತ್ತದೆ, ಅದು ದೊಡ್ಡ ಅನುಕೂಲ. ಹ್ಯಾರಿ ಪಾಟರ್ ಕಥೆಯನ್ನು ಧಾರಾವಾಹಿಯಾಗಿ ಮತ್ತೆ ಹೇಳುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಿದ್ದೂ ಆ ಕಾರಣಕ್ಕೇ. ಆದರೆ ದೊಡ್ಡವರಿಗಾಗಿ ಬಂದ ‘ಗೇಮ್ ಆಫ್ ಥ್ರೋನ್ಸ್’ 73 ಕಂತುಗಳಷ್ಟು ಹೊತ್ತು ಪಡೆದೂ ಕೊನೆಗೆ ಎಡವಿತು. ಜಾರ್ಜ್ ಆರ್.ಆರ್. ಮಾರ್ಟಿನ್ ಅವರ ಐದನೆಯ ಪುಸ್ತಕ 2011ರಲ್ಲಿ ಬಂತು, ಧಾರಾವಾಹಿ 2019ರಲ್ಲಿ ಮುಗಿಯುವವರೆಗೂ ಆರನೆಯದು ಬರಲಿಲ್ಲ. ಪುಸ್ತಕ ಕೈಯಲ್ಲಿದ್ದಾಗ ಪಾತ್ರಗಳು ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಬದಲಾಗುತ್ತಿದ್ದವು. ಪುಸ್ತಕ ಮುಗಿದ ಮೇಲೆ ಅವು ದಾರಿ ಸವೆಸದೆಯೇ ಊರು ತಲುಪತೊಡಗಿದವು.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಚಿತ್ರ ನೋಡಿದ ಮೇಲೆ ಪುಸ್ತಕ ಓದುತ್ತಿದ್ದೇನೆ. ಹ್ಯಾರಿ ಎಂದರೆ ಆ ನಟನ ಮುಖವೇ ಕಣ್ಣಿಗೆ ಬರುತ್ತದೆ. ನನ್ನದೇ ಹ್ಯಾರಿಯನ್ನು ಹೇಗೆ ಕಾಣಲಿ?
(ವಿದ್ಯಾರ್ಥಿ, ಚಿಕ್ಕನಾಯಕನಹಳ್ಳಿ)

ಉತ್ತರ: ಮಗೂ, ಆ ಮುಖವನ್ನು ಓಡಿಸಲು ಹೋಗಬೇಡ, ಅದು ಇರಲಿ. ಪುಸ್ತಕ ಹೇಳುವ ಒಂದು ವಿವರವನ್ನು ಮಾತ್ರ ಬಿಗಿಯಾಗಿ ಹಿಡಿದುಕೋ. ಹ್ಯಾರಿಯ ಕಣ್ಣು ಹಸಿರು, ಅವನ ಅಮ್ಮನ ಕಣ್ಣಿನ ಹಾಗೆ. ಈ ಮಾತನ್ನು ಲೇಖಕಿ ಒಂದು ಪುಸ್ತಕದಿಂದ ಇನ್ನೊಂದಕ್ಕೆ ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಹೇಳಿಸುತ್ತಾರೆ. ಚಿತ್ರದ ನಟನ ಕಣ್ಣು ನೀಲಿ. ಹಸಿರು ಲೆನ್ಸ್ ಹಾಕಿ ನೋಡಿದರಂತೆ, ಆ ಹುಡುಗನ ಕಣ್ಣಿಗೆ ಅದು ಒಗ್ಗದೆ ಬಿಟ್ಟರಂತೆ. ಮಗುವಿನ ಕಣ್ಣಿಗೆ ನೋವು ಕೊಡದಿದ್ದದ್ದು ಸರಿಯೇ. ಆದರೆ ನೀನು ಓದುವಾಗ ಪ್ರತಿ ಸಲವೂ ಆ ಕಣ್ಣಿಗೆ ಹಸಿರು ಹಚ್ಚು. ಏಳನೆಯ ಪುಸ್ತಕದಲ್ಲಿ ಒಬ್ಬರು ಸಾಯುವ ಮುನ್ನ ಹ್ಯಾರಿಯನ್ನು ಒಂದೇ ಒಂದು ಬೇಡಿಕೆ ಕೇಳುತ್ತಾರೆ, ‘ನನ್ನ ಕಡೆ ನೋಡು’ ಎಂದು. ಯಾರು, ಯಾಕೆ ಎಂಬುದನ್ನು ನಾನು ಹೇಳುವುದಿಲ್ಲ. ಆ ಪುಟಕ್ಕೆ ಬಂದಾಗ ನನಗೆ ಪತ್ರ ಬರೆ.